ಬಸ್ಸಿನಲ್ಲಿ ಬರುತ್ತಿದ್ದ ರಕ್ತ

ಕಂಡಕ್ಟರು ಆ ಸ್ಟೀಲ್ ಡಬ್ಬಿಯನ್ನು ನನ್ನ ಕೈಗೆ ಕೊಡುವಾಗ ಒಂದು ದಿನವೂ ಅದರ ಕಡೆ ನೋಡಿದವನಲ್ಲ. ಮುಖ ಆ ಕಡೆ ತಿರುಗಿಸಿ, ಕೈ ಮಾತ್ರ ಈ ಕಡೆ ಚಾಚಿ, "ತಗೊಳ್ಳಿ ಮೇಡಂ, ನಿಮ್ ತಿಂಡಿ" ಅನ್ನುತ್ತಿದ್ದ. ಒಳಗಿರುವುದು ರಕ್ತ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಬಸ್ಸಿನಲ್ಲಿ ರಕ್ತದ ಮಾತು ಎತ್ತಿದರೆ ದಾರಿಯಲ್ಲಿ ಏನಾದರೂ ಆಗುತ್ತದೆ ಅಂತ ಅವನ ನಂಬಿಕೆ. ಆದ್ದರಿಂದ ಅದು ತಿಂಡಿ. ನಾನು ಸುಂಕದಕಟ್ಟೆ ಸ್ಟಾಪಿನಲ್ಲಿ ಬಿಳಿ ಕೋಟು ಹಾಕಿಕೊಂಡೇ ನಿಂತಿರುತ್ತಿದ್ದೆ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಡಬ್ಬಿ ನನ್ನ ಕೈಯಲ್ಲಿರುತ್ತಿತ್ತು. ಅಲ್ಲಿಂದ ಬೇಗ ಬೇಗ ನಡೆದರೆ ಲ್ಯಾಬಿಗೆ ಹತ್ತು ನಿಮಿಷ.

ಲ್ಯಾಬು ಶ್ರೀಗಂಧದ ಕಾವಲಿನಲ್ಲಿ, ಮಾಗಡಿ ರಸ್ತೆಯ ಮೇಲೇ. ಕೆಳಗೆ ಬೇಕರಿ, ಮೇಲೆ ನಾವು. ಶುಗರ್ ಟೆಸ್ಟಿಗೆ ಬಂದವರು ಮೆಟ್ಟಿಲು ಹತ್ತುವಾಗ ಪಫ್ಸ್ ವಾಸನೆ ಹಿಡಿದು ಬರುತ್ತಾರೆ, ಇಳಿಯುವಾಗ ಒಂದು ತಿಂದುಕೊಂಡೇ ಹೋಗುತ್ತಾರೆ. ನಾನು ಅಲ್ಲಿ ಟೆಕ್ನಿಷಿಯನ್. ಇಪ್ಪತ್ತೆರಡು ವರ್ಷದಿಂದ ಜನರ ತೋಳಿಗೆ ರಬ್ಬರು ಪಟ್ಟಿ ಕಟ್ಟುತ್ತಾ ಬಂದಿದ್ದೇನೆ. ನನಗೆ ಮುಂಗೋಪ, ಅದು ಹೊಸಹಳ್ಳಿಯ ನಮ್ಮ ಮನೆಯಲ್ಲೂ ಗೊತ್ತು, ಲ್ಯಾಬಿನ ಮಾಲೀಕರಿಗೂ ಗೊತ್ತು. ಸೂಜಿ ನೋಡಿ ಕಿರುಚುವ ದೊಡ್ಡವರನ್ನು ಕಂಡರೆ ನನಗೆ ಆಗುವುದಿಲ್ಲ. ರಕ್ತ ತೆಗೆಯುವವಳು ನಗಬೇಕಾಗಿಲ್ಲ, ಒಂದೇ ಸಲಕ್ಕೆ ನರ ಹಿಡಿಯಬೇಕು ಅಷ್ಟೆ ಅಂತ ನನ್ನ ವಾದ. ನನ್ನ ಕೈ ತಪ್ಪುವುದಿಲ್ಲ ಅನ್ನುವ ಜಂಬ ಆಗ ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ಡಬ್ಬಿಯಲ್ಲಿ ಬರುತ್ತಿದ್ದ ರಕ್ತ ಒಬ್ಬಳೇ ಒಬ್ಬ ಹೆಂಗಸಿನದು. ಮಾಗಡಿ ರಸ್ತೆ ಹಿಡಿದು ಎರಡು ಗಂಟೆ ಹೋದರೆ ಅವಳ ಊರು. ಊರಿನ ಹೆಸರಾಗಲಿ ತಾಲ್ಲೂಕಿನ ಹೆಸರಾಗಲಿ ಹೇಳುವುದಿಲ್ಲ, ಹೇಳಿದರೆ ಅಲ್ಲಿಯವರಿಗೆ ಅವಳು ಯಾರು ಅಂತ ತಕ್ಷಣ ತಿಳಿಯುತ್ತದೆ. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದಳು. ವಯಸ್ಸು ಮೂವತ್ತೊಂದೋ ಎರಡೋ. ಚಿಕ್ಕವಳಿದ್ದಾಗ ಗಂಟಲು ನೋವು, ಜ್ವರ, ಆಮೇಲೆ ಮಂಡಿ ಮೊಣಕೈಯೆಲ್ಲ ಊತ. ಊರಲ್ಲಿ ಯಾರೋ ಒಬ್ಬರು ಇಂಜೆಕ್ಷನ್ ಚುಚ್ಚಿದರು, ಊತ ಇಳಿಯಿತು, ಎಲ್ಲರೂ ಮರೆತರು. ಆ ಜ್ವರ ಎದೆಯ ಕವಾಟವನ್ನು ತಿಂದು ಹೋಗಿದೆ ಅಂತ ಗೊತ್ತಾಗಿದ್ದು ಮದುವೆಯಾಗಿ ಆರು ತಿಂಗಳ ಬಸುರಿಯಾಗಿ ಉಸಿರು ಸಿಗದೆ ಒದ್ದಾಡಿದಾಗ. ಮಗು ಉಳಿಯಲಿಲ್ಲ. ಅವಳನ್ನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಉಳಿಸಿದರು, ಕೆಟ್ಟ ಕವಾಟ ತೆಗೆದು ಲೋಹದ್ದು ಕೂರಿಸಿದರು. ಅದು ಟಿಕ್ ಟಿಕ್ ಅಂತ ಸಣ್ಣಗೆ ಸದ್ದು ಮಾಡುತ್ತದೆ. ಶಾಲೆಯ ಮಕ್ಕಳು ಅವಳನ್ನು ಗಡಿಯಾರದ ಆಂಟಿ ಅಂತ ಕರೆಯುತ್ತಾರೆ ಅಂತ ಅವಳೇ ನಗುತ್ತಾ ಹೇಳಿದ್ದಳು.

ಲೋಹದ ಕವಾಟ ಇರುವವರು ರಕ್ತ ತೆಳು ಮಾಡುವ ಮಾತ್ರೆಯನ್ನು ಸಾಯುವ ತನಕ ದಿನಾ ನುಂಗಬೇಕು. ಮಾತ್ರೆ ಜಾಸ್ತಿಯಾದರೆ ರಕ್ತ ಸೋರಲು ಶುರುವಾಗುತ್ತದೆ, ನಿಲ್ಲುವುದಿಲ್ಲ. ಕಡಿಮೆಯಾದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಕಿತ್ತುಕೊಂಡು ಮಿದುಳಿಗೆ ಹೋಗಬಹುದು. ಎಷ್ಟು ಮಾತ್ರೆ ಅನ್ನುವುದನ್ನು ಒಂದು ಟೆಸ್ಟು ಹೇಳುತ್ತದೆ, ಐಎನ್‌ಆರ್ ಅಂತ. ನಂಬರು ಏರಿದಷ್ಟೂ ರಕ್ತ ತೆಳು. ಅವಳಿಗೆ ಆ ನಂಬರು ಎರಡೂವರೆಯಿಂದ ಮೂರೂವರೆಯ ಒಳಗಿರಬೇಕಿತ್ತು. ತಿಂಗಳಿಗೊಮ್ಮೆ, ಒಮ್ಮೊಮ್ಮೆ ಹದಿನೈದು ದಿನಕ್ಕೊಮ್ಮೆ ನೋಡಬೇಕು. ಹಾಗಲ್ಲದೆ ಅವಳು ಬದುಕಿರುವುದು ಕಣ್ಣು ಕಟ್ಟಿಕೊಂಡು ರಸ್ತೆ ದಾಟಿದ ಹಾಗೆ.

ಅವಳ ಊರಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಟೆಸ್ಟು ಇಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಮಷೀನು ಇದೆ, ಅದಕ್ಕೆ ಹಾಕುವ ಕೆಮಿಕಲ್ಲು ಯಾವಾಗಲೂ ಮುಂದಿನ ವಾರ ಬರುತ್ತದೆ. ಹಾಗಾಗಿ ಅವಳು ಬಸ್ಸು ಹತ್ತಿ ಬೆಂಗಳೂರಿಗೆ ಬರುತ್ತಿದ್ದಳು. ಬಸ್ಸಿನಿಂದ ಕಂಡ ಮೊದಲ ಲ್ಯಾಬಿನ ಬೋರ್ಡು ನಮ್ಮದು, ಇಳಿದಳು, ಅಷ್ಟೆ. ನನ್ನ ಹತ್ತಿರ ಬಂದಿದ್ದಕ್ಕೆ ಬೇರೆ ಕಾರಣ ಇರಲಿಲ್ಲ.

ಮೊದಲನೇ ದಿನವೇ ಅವಳ ಮೇಲೆ ರೇಗಿದ್ದೆ. ಹಿಂದಿನ ಟೆಸ್ಟಾಗಿ ಎರಡು ತಿಂಗಳಾದ ಮೇಲೆ ಬಂದಿದ್ದಳು. "ತಿಂಗಳಿಗೊಂದು ಸಲ ಬರೋಕೆ ಏನ್ರೀ ಕಷ್ಟ ನಿಮಗೆ?" ಅಂದೆ. ಅವಳು ಬೇಜಾರೇನೂ ಮಾಡಿಕೊಳ್ಳಲಿಲ್ಲ. "ನಾನ್ ಬಂದ್ರೆ ಅಡುಗೆ ಯಾರಕ್ಕ ಮಾಡ್ತಾರೆ? ಬದಲಿಗೆ ಒಬ್ಬಳನ್ನ ಹುಡುಕ್ಬೇಕು. ಅವಳು ಚೆನ್ನಾಗಿ ಮಾಡ್ಬಿಟ್ರೆ ನನ್ ಕೆಲ್ಸ ಹೋಯ್ತದೆ" ಅಂದು ನಕ್ಕಳು. ಆಮೇಲೆ ಚೀಲದಿಂದ ಒಂದು ಕ್ಯಾಲೆಂಡರ್ ತೆಗೆದು ತೋರಿಸಿದಳು. ದಿನದಿನದ ಮನೆಯಲ್ಲೂ ಪೆನ್ನಿನಲ್ಲಿ ಗುರುತು. ಒಂದು ಗೀಟು ಅಂದರೆ ಒಂದು ಮಾತ್ರೆ, ಅರ್ಧ ಗೀಟು ಅಂದರೆ ಅರ್ಧ. ಒಂದು ದಿನವೂ ಖಾಲಿ ಇರಲಿಲ್ಲ. ನಮ್ಮ ಬಡಾವಣೆಯಲ್ಲಿ ಡಿಗ್ರಿ ಮಾಡಿದವರು ಬಿಪಿ ಮಾತ್ರೆ ಬೆಳಿಗ್ಗೆ ತಗೊಂಡೆನೋ ಇಲ್ಲವೋ ಅಂತ ಮಧ್ಯಾಹ್ನ ನನ್ನನ್ನು ಕೇಳುತ್ತಾರೆ. ಮತ್ತೆ ರೇಗದೆ ಅವಳ ತೋಳಿಗೆ ಪಟ್ಟಿ ಕಟ್ಟಿದೆ.

ಬಸ್ಸಿನ ಉಪಾಯ ನನ್ನದೇ. ಅವಳ ಊರಿನ ಆರೋಗ್ಯ ಉಪಕೇಂದ್ರದಲ್ಲಿ ಒಬ್ಬ ನರ್ಸಮ್ಮ ಇದ್ದರು, ರಕ್ತ ತೆಗೆಯಲು ಕೈ ಒಳ್ಳೆಯದಿತ್ತು. ಫೋನಿನಲ್ಲಿ ಅವರ ಹತ್ತಿರ ಮಾತಾಡಿದೆ. ನಾನು ನೀಲಿ ಮುಚ್ಚಳದ ಟ್ಯೂಬು ಕೊಟ್ಟು ಕಳಿಸುವುದು, ಅವರು ಮಂಗಳವಾರ ಬೆಳಿಗ್ಗೆ ರಕ್ತ ತುಂಬಿಸಿ ಏಳು ಗಂಟೆ ಬಸ್ಸಿಗೆ ಕೊಡುವುದು, ನಾನು ಇಲ್ಲಿ ಇಳಿಸಿಕೊಂಡು ಟೆಸ್ಟು ಮಾಡಿ ನಂಬರನ್ನು ಅವಳ ಆಸ್ಪತ್ರೆಯವರಿಗೆ ವಾಟ್ಸಾಪ್ ಮಾಡುವುದು. ಅಲ್ಲಿಂದ ಅವಳಿಗೆ ಫೋನು ಹೋಗುತ್ತದೆ, ಇಷ್ಟು ಮಾತ್ರೆ ತಗೊಳ್ಳಮ್ಮ ಅಂತ. ಅವಳು ಆ ಹೊತ್ತಿಗೆ ಶಾಲೆಯ ಅಡುಗೆಮನೆಯಲ್ಲಿ ಸಾಂಬಾರಿಗೆ ಒಗ್ಗರಣೆ ಹಾಕುತ್ತಿರುತ್ತಾಳೆ. ಮೊದಲ ಸಲ ನರ್ಸಮ್ಮ ಕಾಳಜಿಯಿಂದ ಡಬ್ಬಿಯ ತುಂಬ ಐಸು ತುಂಬಿಸಿ ಕಳಿಸಿದ್ದರು. ಈ ಟೆಸ್ಟಿನ ರಕ್ತ ತಣ್ಣಗಾಗಬಾರದು. ಅವರಿಗೂ ಬೈದೆ, ಕಂಡಕ್ಟರಿಗೂ ಬೈದೆ. ಆಮೇಲೆ ಎಲ್ಲ ಸರಿಹೋಯಿತು. ಒಂದು ವರ್ಷದ ಮೇಲೆ ಎರಡು ತಿಂಗಳು ಹೀಗೇ ನಡೆಯಿತು. ಅವರೆಕಾಯಿ ಕಾಲದಲ್ಲಿ ಡಬ್ಬಿಯ ಜೊತೆಗೆ ಒಂದು ಚೀಲ ಸೊಗಡಿನ ಅವರೆಕಾಯಿಯೂ ಬರುತ್ತಿತ್ತು, ಅದನ್ನು ಮಾತ್ರ ಕಂಡಕ್ಟರು ಮುಖ ನೋಡಿ ಕೊಡುತ್ತಿದ್ದ. ಸಿಕ್ಕಸಿಕ್ಕವರ ಹತ್ತಿರ ನಾನು ನನ್ನ ಉಪಾಯದ ಬಗ್ಗೆ ಕೊಚ್ಚಿಕೊಳ್ಳುತ್ತಿದ್ದೆ. ಸರ್ಕಾರದ ಕೈಲಾಗದ್ದು ಒಂದು ಬಸ್ಸು, ಒಂದು ಡಬ್ಬಿಯಿಂದ ಮಾಡಿ ತೋರಿಸಿದೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಈಗ ಆ ಟ್ಯೂಬಿನ ವಿಷಯ ಹೇಳಬೇಕು. ನೀಲಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮೊದಲೇ ಒಂದು ದ್ರವ ಹಾಕಿರುತ್ತಾರೆ. ಹೊರಗೆ ಒಂದು ಗೆರೆ ಇರುತ್ತದೆ. ರಕ್ತ ಆ ಗೆರೆಯ ತನಕ ಬರಲೇಬೇಕು. ಕಡಿಮೆ ಬಂದರೆ ದ್ರವದ ಪಾಲು ಹೆಚ್ಚಾಗುತ್ತದೆ, ರಕ್ತ ಇರುವುದಕ್ಕಿಂತ ತೆಳ್ಳಗಿದೆ ಅಂತ ಮಷೀನು ತಪ್ಪು ಹೇಳುತ್ತದೆ. ಇದು ಮೊದಲನೇ ವರ್ಷದ ಪಾಠ. ಗೆರೆಗಿಂತ ಕಡಿಮೆ ಇದ್ದರೆ ಸ್ಯಾಂಪಲ್ ವಾಪಸ್ ಮಾಡಬೇಕು ಅಂತ ನಮ್ಮ ಲ್ಯಾಬಿನ ಗೋಡೆಯ ಮೇಲೆ ಬರೆದು ಅಂಟಿಸಿದವಳೇ ನಾನು. ಟ್ಯೂಬಿನ ಒಳಗೆ ಗಾಳಿ ತೆಗೆದಿರುತ್ತಾರೆ, ಸೂಜಿ ತಾಗಿಸಿದರೆ ಟ್ಯೂಬೇ ರಕ್ತವನ್ನು ಎಳೆದುಕೊಳ್ಳುತ್ತದೆ. ತಾರೀಖು ಮುಗಿದ ಟ್ಯೂಬಿನಲ್ಲಿ ಆ ಎಳೆತ ಕುಗ್ಗಿರುತ್ತದೆ. ನಾನು ಹಳ್ಳಿಗೆ ಕಳಿಸುತ್ತಿದ್ದದ್ದು ಲ್ಯಾಬಿನಲ್ಲಿ ತಾರೀಖು ಹತ್ತಿರ ಬಂದ ಟ್ಯೂಬುಗಳನ್ನು. ಎಸೆಯುವುದಕ್ಕಿಂತ ಒಬ್ಬರಿಗೆ ಉಪಯೋಗವಾಗಲಿ ಅಂತ ಮಾಲೀಕರೂ ಒಪ್ಪಿದ್ದರು, ನಾನೂ ಒಪ್ಪಿದ್ದೆ. ಹಳ್ಳಿಗೆ ಹೋಗುವ ಚೀಲಕ್ಕೆ ಇಲ್ಲಿ ಬೇಡವಾದದ್ದನ್ನು ತುಂಬುವುದು ಎಷ್ಟು ಸಹಜವಾಗಿ ಬಂದುಬಿಟ್ಟಿತ್ತು ನಮಗೆ. ಕಳಿಸಿದ ಟ್ಯೂಬುಗಳ ತಾರೀಖು ಉಪಕೇಂದ್ರದ ಕಪಾಟಿನಲ್ಲಿ ಕೂತು ಮುಗಿದಿರಬಹುದು ಅಂತ ಒಂದು ದಿನವೂ ಯೋಚಿಸಲಿಲ್ಲ.

ಬಸವೇಶ್ವರನಗರದಲ್ಲಿ ಒಬ್ಬರು ರಿಟೈರ್ಡ್ ಅಧಿಕಾರಿ ಇದ್ದಾರೆ. ಅವರಿಗೂ ಅದೇ ಲೋಹದ ಕವಾಟ, ಅದೇ ಮಾತ್ರೆ. ಅವರು ಲ್ಯಾಬಿಗೆ ಬರುವುದಿಲ್ಲ, ನಾನೇ ಸ್ಕೂಟರಿನಲ್ಲಿ ಅವರ ಮನೆಗೆ ಹೋಗಿ ರಕ್ತ ತರುತ್ತೇನೆ. ಒಂದು ಸಲ ಮಾತಾಡುತ್ತಾ ಮಾತಾಡುತ್ತಾ ಅವರ ಟ್ಯೂಬು ಗೆರೆಗಿಂತ ಕೆಳಗೇ ನಿಂತಿದ್ದು ಗಮನಿಸಿರಲಿಲ್ಲ. ಗೇಟಿನ ಹತ್ತಿರ ಸ್ಕೂಟರಿನ ಡಿಕ್ಕಿಗೆ ಇಡುವಾಗ ಕಂಡಿತು. ವಾಪಸ್ ಹೋಗಿ ಬೆಲ್ಲು ಮಾಡಿದೆ. "ಇನ್ನೊಂದ್ ಸಲ ಚುಚ್ಬೇಕು ಸಾರ್" ಅಂದೆ. "ಏನಮ್ಮಾ ನೀನು, ಇಷ್ಟು ವರ್ಷ ಸರ್ವಿಸು" ಅಂತ ಗೊಣಗಿ ಇನ್ನೊಂದು ತೋಳು ಮುಂದೆ ಮಾಡಿದರು. ಹತ್ತು ನಿಮಿಷದ ಕೆಲಸ. ಅವರ ಹೆಂಡತಿ ಕಾಫಿ ಕೊಟ್ಟರು, ಕುಡಿದು ಬಂದೆ.

ಆ ಮಂಗಳವಾರ ಬಸ್ಸಿನಲ್ಲಿ ಬಂದ ಟ್ಯೂಬು ಗೆರೆಗಿಂತ ಕೆಳಗಿತ್ತು. ಸ್ವಲ್ಪ ಅಲ್ಲ, ಮುಕ್ಕಾಲು ಭಾಗವೂ ತುಂಬಿರಲಿಲ್ಲ. ಬೆಳಕಿಗೆ ಹಿಡಿದು ನೋಡಿದೆ, ಇನ್ನೊಮ್ಮೆ ನೋಡಿದೆ. ನರ್ಸಮ್ಮನಿಗೆ ಫೋನು ಮಾಡಿದರೆ ಎತ್ತಲಿಲ್ಲ, ಅವರು ಬೇರೆ ಊರಿಗೆ ಮಕ್ಕಳಿಗೆ ಲಸಿಕೆ ಹಾಕಲು ಹೋಗಿದ್ದರು. ಅವಳಿಗೆ ಫೋನು ಮಾಡಿದೆ. "ರಕ್ತ ಕಮ್ಮಿ ಬಂದಿದೆ ಕಣೇ, ಇನ್ನೊಂದ್ ಸಲ ಕಳಿಸ್ಬೇಕಾಗುತ್ತೆ" ಅಂದೆ. "ನರ್ಸಮ್ಮ ಇನ್ ಶುಕ್ರವಾರವೇ ಅಕ್ಕ ಬರೋದು. ಏನ್ ಮಾಡ್ಲಿ?" ಅಂದಳು. ಹಿಂದೆ ಮಕ್ಕಳ ಗಲಾಟೆ, ಪಾತ್ರೆಯ ಸದ್ದು. "ಇರ್ಲಿ ಬಿಡು, ಇದರಲ್ಲೇ ಮಾಡ್ತೀನಿ" ಅಂದೆ. ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದಕ್ಕೆ ಆ ಕ್ಷಣ ನನ್ನ ಬಗ್ಗೆ ನನಗೇ ಒಳ್ಳೆಯ ಅಭಿಪ್ರಾಯವೂ ಬಂತು.

ಮಷೀನು ಐದು ಪಾಯಿಂಟ್ ಎರಡು ತೋರಿಸಿತು. ಎಂದೂ ಅಷ್ಟು ಬಂದಿರಲಿಲ್ಲ. ಅದೇ ಟ್ಯೂಬಿನಿಂದ ಇನ್ನೊಮ್ಮೆ ಮಾಡಿದೆ, ಅದೇ ಬಂತು. ಬಾರದೆ ಇರುತ್ತದೆಯೇ, ತಪ್ಪು ಟ್ಯೂಬಿನಲ್ಲಿತ್ತು. ಆದರೆ ನನ್ನ ತಲೆ ಆಗ ಬೇರೆ ಕಡೆ ಓಡಿತು. ಹಿಂದಿನ ವಾರ ಅವಳಿಗೆ ಜ್ವರ ಬಂದು ಅಂಗಡಿಯ ಮಾತ್ರೆ ತಗೊಂಡಿದ್ದಳು, ಅಂಥ ಮಾತ್ರೆಗಳಿಂದ ನಂಬರು ಏರುವುದುಂಟು. ಅದೇ ಇರಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ರಿಪೋರ್ಟಿನ ಕೆಳಗೆ ಷರಾ ಬರೆಯಲು ಒಂದು ಜಾಗ ಇರುತ್ತದೆ. ಸ್ಯಾಂಪಲ್ ಕಡಿಮೆ ಇತ್ತು ಅಂತ ಅಲ್ಲಿ ಒಂದು ಸಾಲು ಬರೆದಿದ್ದರೆ ಆಸ್ಪತ್ರೆಯವರು ಅನುಮಾನಪಡುತ್ತಿದ್ದರು. ಬರೆದರೆ, ಮತ್ತೆ ಯಾಕೆ ಮಾಡಿದೆ ಅಂತ ಕೇಳುತ್ತಾರಲ್ಲ. ಖಾಲಿ ಬಿಟ್ಟೆ. ಐದು ಪಾಯಿಂಟ್ ಎರಡು ಅಂತ ಕಳಿಸಿದೆ.

ಆಸ್ಪತ್ರೆಯವರು ಮಾಡಬೇಕಾದ್ದನ್ನೇ ಮಾಡಿದರು. ಎರಡು ದಿನ ಮಾತ್ರೆ ನಿಲ್ಲಿಸು, ಆಮೇಲೆ ಕಡಿಮೆ ತಗೊ, ವಾರದೊಳಗೆ ಮತ್ತೆ ಟೆಸ್ಟು ಮಾಡಿಸು ಅಂದರು. ಅವಳೂ ಹೇಳಿದ್ದನ್ನೇ ಮಾಡಿದಳು. ಅವಳ ರಕ್ತ ತೆಳ್ಳಗೇ ಇರಲಿಲ್ಲ, ಸರಿಯಾಗಿತ್ತು. ಸರಿಯಾಗಿದ್ದವಳ ಮಾತ್ರೆಯನ್ನು ನಾವು ನಿಲ್ಲಿಸಿದೆವು.

ಆ ವಾರವೇ ನರ್ಸಮ್ಮನನ್ನು ಬೇರೆ ಕೇಂದ್ರಕ್ಕೆ ನಿಯೋಜನೆ ಮಾಡಿದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಉಪಕೇಂದ್ರದ ಬಾಗಿಲಿಗೆ ಬೀಗ. ಅವಳು ತಾಲ್ಲೂಕು ಆಸ್ಪತ್ರೆಗೆ ಹೋದಳು, ಕೆಮಿಕಲ್ಲು ಮುಂದಿನ ವಾರ ಬರುತ್ತದೆ ಅಂದರು. ನನಗೆ ಫೋನು ಮಾಡಿದಳು. "ಅಕ್ಕಾ, ಶಾಲೆಗೆ ಯಾರೋ ಸಾಹೇಬ್ರು ನೋಡಕ್ಕೆ ಬರ್ತಾರಂತೆ, ಈ ವಾರ ರಜಾ ಕೊಡಲ್ಲ. ಮುಂದಿನ ವಾರ ನಾನೇ ಬರ್ತೀನಿ. ಆಯ್ತದಾ?" ಅಂತ ಕೇಳಿದಳು. ಆಯ್ತದಾ ಅಂತ ಅವಳು ಕೇಳಿದ್ದು ನನ್ನನ್ನು. ಕೌಂಟರಿನ ಮುಂದೆ ಜನ ನಿಂತಿದ್ದರು, ಯಾರದೋ ಥೈರಾಯ್ಡ್ ರಿಪೋರ್ಟು ಸಿಕ್ಕಿರಲಿಲ್ಲ. "ಬಾ, ಪರವಾಗಿಲ್ಲ" ಅಂದೆ. ಅವಳು ಯಾವ ಮಾತಿಗೂ ಎದುರಾಡುವವಳಲ್ಲ, ನಾಳೆಯೇ ಬಾ ಅಂದಿದ್ದರೆ ಹೇಗಾದರೂ ಬಂದಿರುತ್ತಿದ್ದಳು.

ಮಾತ್ರೆ ಕಡಿಮೆ ಮಾಡಿದ ಹನ್ನೆರಡನೇ ದಿನ ಬೆಳಿಗ್ಗೆ ಶಾಲೆಯ ಅಡುಗೆಮನೆಯಲ್ಲಿ ಅವಳ ಕೈಯಿಂದ ಸೌಟು ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳು ಅಲ್ಲೇ ಕುಸಿದಳು. ಹೆಡ್‌ಮಾಸ್ಟರು ಆಂಬುಲೆನ್ಸಿಗೆ ಫೋನು ಮಾಡಿದರು, ಅದು ಇನ್ನೊಂದು ಊರಿನಲ್ಲಿ ಹೆರಿಗೆಗೆ ಹೋಗಿತ್ತು. ಅದು ಬಂದು ತಾಲ್ಲೂಕು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಕ್ಕಳ ಊಟದ ಬೆಲ್ಲು ಹೊಡೆದಿತ್ತು. ಅಲ್ಲಿ ತಲೆಯ ಸ್ಕ್ಯಾನು ಇಲ್ಲ, ಬೆಂಗಳೂರಿಗೆ ಬರೆದುಕೊಟ್ಟರು. ಬೆಂಗಳೂರಿಗೆ ಬಂದಾಗ ಹೆಪ್ಪು ಕರಗಿಸುವ ಇಂಜೆಕ್ಷನ್ನಿನ ಸಮಯ ಮೀರಿತ್ತು. ಆ ಆಂಬುಲೆನ್ಸು ಮಾಗಡಿ ರಸ್ತೆಯಲ್ಲಿ, ನಮ್ಮ ಲ್ಯಾಬಿನ ಮುಂದೆಯೇ ಹೋಗಿರಬೇಕು. ಇಲ್ಲಿ ದಿನಕ್ಕೆ ಎಷ್ಟೋ ಆಂಬುಲೆನ್ಸು ಹೋಗುತ್ತವೆ, ಸದ್ದು ಬಂದಾಗ ನಾವು ತಲೆ ಎತ್ತಿಯೂ ನೋಡುವುದಿಲ್ಲ.

ನನಗೆ ಇದೆಲ್ಲ ತಿಳಿದಿದ್ದು ಮೂರು ವಾರದ ಮೇಲೆ, ಅವಳ ಗಂಡ ಲ್ಯಾಬಿಗೆ ಬಂದಾಗ. ಮುಂದಿನ ವಾರ ಬರುತ್ತೇನೆ ಅಂದವಳು ಬರಲಿಲ್ಲವಲ್ಲ ಅಂತ ಎರಡು ಸಲ ಫೋನು ಮಾಡಿದ್ದೆ, ಸ್ವಿಚ್ ಆಫ್ ಬರುತ್ತಿತ್ತು, ಬಿಟ್ಟುಬಿಟ್ಟಿದ್ದೆ. ಗಂಡ ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವ ಮನುಷ್ಯ, ಮಾತು ಕಡಿಮೆ. ಬಲಗಡೆ ಪೂರ್ತಿ ಹೋಗಿದೆ, ಮಾತು ನಿಂತಿದೆ, ನಾಳೆ ಮನೆಗೆ ಕಳಿಸುತ್ತಾರೆ ಅಂತ ಹೇಳಿ ಆಸ್ಪತ್ರೆಯ ಕಾಗದ ಮುಂದಿಟ್ಟ. "ಅವ್ರು ಬಿರ್ರನೆ ಇಂಗ್ಲಿಷಲ್ಲಿ ಹೇಳ್ಬಿಟ್ರು. ನೀವ್ ಓದ್ ಹೇಳಿ ಅಕ್ಕ" ಅಂದ.

ಓದಿದೆ. ಭರ್ತಿಯಾದ ದಿನದ ಐಎನ್‌ಆರ್ ಒಂದು ಪಾಯಿಂಟ್ ನಾಲ್ಕು. ಹನ್ನೆರಡು ದಿನದಲ್ಲಿ ಐದರಿಂದ ಇಲ್ಲಿಗೆ ಯಾಕೆ ಇಳಿಯಿತು ಅಂತ ಯಾರೂ ನನಗೆ ವಿವರಿಸಬೇಕಾಗಿರಲಿಲ್ಲ. ಅದು ಐದಿರಲೇ ಇಲ್ಲ. ಕೆಳಗೆ ಕಾರಣದ ಜಾಗದಲ್ಲಿ ಡಾಕ್ಟರು ಒಂದು ಸಾಲು ಬರೆದಿದ್ದರು. ಹಳ್ಳಿಯಿಂದ ಬಂದ ಇಂಥ ಎಲ್ಲರ ಕಾಗದದಲ್ಲೂ ಆ ಸಾಲನ್ನು ನಾನು ಓದಿದ್ದೇನೆ. ರೋಗಿ ಮಾತ್ರೆಗಳನ್ನು ಸರಿಯಾಗಿ ತೆಗೆದುಕೊಂಡಿಲ್ಲ.

"ಏನ್ ಬರ್ದವ್ರೆ?" ಅಂತ ಗಂಡ ಕೇಳಿದ.

"ಮಾತ್ರೆ ಸರಿಯಾಗಿ ತಗೊಂಡಿಲ್ಲ ಅಂತ ಬರ್ದಿದಾರೆ" ಅಂದೆ.

ಕಾಗದದಲ್ಲಿ ಇದ್ದದ್ದನ್ನೇ ಓದಿ ಹೇಳಿದೆ, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಜೀವನದಲ್ಲಿ ಹೇಳಿಲ್ಲ. ಅವನು ನೆಲ ನೋಡುತ್ತಾ, "ಗೀಟು ಹಾಕ್ತಿದ್ಲಲ್ಲ" ಅಂದ. ನಾನು ಕಾಗದವನ್ನು ಅವನ ಕಡೆ ಸರಿಸಿದೆ. ಅವನು ಮಡಚಿಕೊಂಡು ಹೋದ.

ಆಮೇಲಿನ ಹತ್ತು ದಿನ ನಾನು ಮನುಷ್ಯರ ಹಾಗಿರಲಿಲ್ಲ. ಲ್ಯಾಬಿನ ಕಪಾಟಿನಲ್ಲಿ ಉಳಿದಿದ್ದ ಅದೇ ಟ್ಯೂಬುಗಳ ಪೆಟ್ಟಿಗೆ ತೆಗೆದು ತಾರೀಖು ನೋಡಿದೆ, ಮುಗಿದು ಎರಡು ತಿಂಗಳಾಗಿತ್ತು. ಮಾಲೀಕರಿಗೆ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ, ಆದರೆ ಹೆದರಿದರು. "ಸುಮ್ನೆ ಮೈಮೇಲೆ ಎಳ್ಕೋಬೇಡಿ ಮೇಡಂ. ಒಳ್ಳೇದು ಮಾಡೋಕೆ ಹೋಗಿದ್ದು ನೀವು. ಅವರೇನಾದ್ರೂ ಕೇಳಿದ್ರಾ? ಇಲ್ವಲ್ಲ" ಅಂದರು. ಕೇಳಲಿಲ್ಲ, ನಿಜ. ಕೇಳಬಹುದಾದವಳಿಗೆ ಮಾತೇ ಇರಲಿಲ್ಲ.

ಭಾನುವಾರ ಬಸ್ಸು ಹತ್ತಿದೆ. ಒಂದು ವರ್ಷದ ಮೇಲಾಗಿ ಅವಳ ರಕ್ತ ಬಂದ ದಾರಿಯಲ್ಲಿ ನಾನು ಒಂದು ಸಲವೂ ಹೋಗಿರಲಿಲ್ಲ. ಬಸ್ಸಿನಲ್ಲಿ ಕೂತರೆ ಎಷ್ಟು ದೂರ ಅಂತ ಗೊತ್ತಾಗುತ್ತದೆ. ಕಟ್ಟಡಗಳು ಮುಗಿದು ಲೇಔಟಿನ ಕಲ್ಲುಗಳು, ಅವೂ ಮುಗಿದು ರಾಗಿ ಹೊಲ, ಆಮೇಲೆ ಬರೀ ತಿರುವುಗಳು. ನನ್ನ ಪಕ್ಕ ಕೂತ ಹೆಂಗಸಿನ ಮಡಿಲಲ್ಲಿ ಒಂದು ಎಕ್ಸ್‌ರೇ ಕವರಿತ್ತು, ಅದು ಮಡಚಿಹೋಗದ ಹಾಗೆ ದಾರಿಯುದ್ದಕ್ಕೂ ಎರಡೂ ಕೈಯಲ್ಲಿ ಹಿಡಿದಿದ್ದಳು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ನಡುಮನೆಯಲ್ಲಿ ಮಂಚದ ಮೇಲೆ ಅವಳನ್ನು ಮಲಗಿಸಿದ್ದರು. ಬಲಗೈಯನ್ನು ಯಾರೋ ದಿಂಬಿನ ಮೇಲೆ ಇಟ್ಟಿದ್ದರು, ಇಟ್ಟಲ್ಲೇ ಇತ್ತು. ನನ್ನನ್ನು ಕಂಡ ತಕ್ಷಣ ಗುರುತು ಹಿಡಿದಳು. ಮುಖದ ಒಂದು ಕಡೆ ಮಾತ್ರ ನಕ್ಕಿತು. ಎಡಗೈ ಚಾಚಿದಳು. ಮಂಚದ ಅಂಚಿನಲ್ಲಿ ಕೂತು ಆ ಕೈ ಹಿಡಿದುಕೊಂಡೆ. ಬಿಸಿಯಾಗಿತ್ತು, ಅಂಗೈಯಲ್ಲಿ ಪಾತ್ರೆ ಎತ್ತಿದ ಗಂಟುಗಳು ಇನ್ನೂ ಹಾಗೇ ಇದ್ದವು.

ಅವಳ ಅತ್ತೆ ಕಾಫಿ ತಂದುಕೊಟ್ಟರು. ವಯಸ್ಸಾದವರು. ಸೊಸೆಯನ್ನು ತೊಳೆದು ಬಳಿದು ಎತ್ತಿ ಕೂರಿಸಿ ಸೊಂಟ ಹಿಡಿದುಹೋಗಿತ್ತು, ಅದು ಅವರು ನಡೆಯುವುದರಲ್ಲೇ ಕಾಣುತ್ತಿತ್ತು. ನನ್ನ ಎದುರು ಕೂತು, ಅವಳ ಕಡೆ ಕೈ ತೋರಿಸಿ ಶುರು ಮಾಡಿದರು. "ನೋಡವ್ವ, ನೀನು ಅಷ್ಟು ಮಾಡಿದೆ ಇವಳಿಗೆ. ಅಷ್ಟು ದೂರದಿಂದ ಬಸ್ಸಲ್ಲಿ ತರಿಸ್ಕೊಂಡು ಟೆಸ್ಟು ಮಾಡಿದೆ. ಒಂದ್ ಮಾತ್ರೆ ನುಂಗಕ್ಕೆ ಏನ್ ಬಂದಿತ್ತು ಇವಳಿಗೆ? ಗೀಟು ಮಾತ್ರ ಹಾಕದು, ಮಾತ್ರೆ ಎಲ್ಲಿಗೆ ಹಾಕಿದ್ಲೋ. ಊರೋರೆಲ್ಲ ಕೇಳ್ತಾರೆ, ನಾನೇನ್ ಹೇಳ್ಲಿ? ಅವಳ ಅಸಡ್ಡೆ ಅಂತೀನಿ."

ಅವಳು ಕೇಳುತ್ತಾ ಮಲಗಿದ್ದಳು. ಇದು ಮೊದಲ ಸಲ ಕೇಳುತ್ತಿರುವುದಲ್ಲ ಅಂತ ಅವಳ ಕಣ್ಣು ನೋಡಿದರೆ ತಿಳಿಯುತ್ತಿತ್ತು. ಗಂಟಲಿನಿಂದ ಏನೋ ಸದ್ದು ಹೊರಡಿಸಲು ನೋಡಿದಳು, ಅದು ಮಾತಾಗಲಿಲ್ಲ. ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯಿತು. ಅತ್ತೆ ಸೆರಗಿನಿಂದ ಅದನ್ನು ಒರೆಸಿದರು, ಒರೆಸುತ್ತಲೇ ಬೈದರು.

ಕಾಫಿ ಲೋಟ ಕೆಳಗಿಟ್ಟೆ. "ಅವಳು ಸರಿಯಾಗೇ ತಗೊಂಡಿದಾಳೆ ಅಮ್ಮ" ಅಂದೆ. "ಎರಡು ದಿನ ನಿಲ್ಲಿಸು ಅಂದ್ರು, ನಿಲ್ಲಿಸಿದ್ಳು. ಕಮ್ಮಿ ತಗೋ ಅಂದ್ರು, ತಗೊಂಡ್ಳು. ಹಾಗೆ ಹೇಳ್ಸಿದ್ದು ನಾನು ಕಳಿಸಿದ ನಂಬರು. ಆ ನಂಬರು ತಪ್ಪು. ರಕ್ತ ಕಮ್ಮಿ ಬಂದಿತ್ತು, ಮಾಡಬಾರದು ಅಂತ ನಂಗೆ ಗೊತ್ತಿತ್ತು. ಆದ್ರೂ ಮಾಡ್ದೆ. ಕಾಗದದಲ್ಲಿ ಬರೆದಿದ್ದು ಸುಳ್ಳು ಅಂತ ಅವತ್ತೇ ಗೊತ್ತಾಯ್ತು, ಹೇಳ್ಲಿಲ್ಲ. ಇವಳ ತಪ್ಪು ಒಂದಿಷ್ಟೂ ಇಲ್ಲ."

ಬಾಗಿಲಲ್ಲಿ ಗಂಡ ನಿಂತಿದ್ದ. ನನ್ನ ಕೈಯೊಳಗಿದ್ದ ಅವಳ ಕೈ ನಿಧಾನಕ್ಕೆ ಜಾರಿತು. ಬಲವಿಲ್ಲದೆ ಜಾರಿತು ಅಂತ ಬರೆದರೆ ನನಗೆ ಸಮಾಧಾನವಾಗುತ್ತದೆ, ಆದರೆ ಹಾಗಲ್ಲ. ಅವಳೇ ಬಿಡಿಸಿಕೊಂಡಳು. ನನ್ನನ್ನು ನೋಡಿದಳು, ಅದು ಕೋಪವೇ. ಆಮೇಲೆ ನನ್ನನ್ನು ಬಿಟ್ಟು ಅತ್ತೆಯ ಕಡೆ ತಿರುಗಿ, ಆ ಎಡಗೈಯಿಂದ ಮಂಚದ ಪಟ್ಟಿಯನ್ನು ಬಡಿದಳು. ಮತ್ತೆ ಬಡಿದಳು. ಕೇಳಿಸಿತಾ ಅಂತ ಕೇಳುವ ಹಾಗೆ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು, "ಕೇಳುಸ್ತು ಕಣವ್ವ, ಕೇಳುಸ್ತು" ಅಂದರು.

ಅಲ್ಲಿ ಇನ್ನು ಕೂರಲು ನನಗೆ ಮುಖವಿರಲಿಲ್ಲ. ಎದ್ದೆ. ಗಂಡ ಬಸ್ ಸ್ಟಾಪಿನ ತನಕ ಜೊತೆಗೆ ಬಂದ. ದಾರಿಯಲ್ಲಿ ಬೈಯುತ್ತಾನೆ ಅಂತ ಕಾಯುತ್ತಿದ್ದೆ. ಕೈ ಎತ್ತಿದ್ದರೂ ನಾನು ಏನೂ ಅನ್ನುತ್ತಿರಲಿಲ್ಲ. ಆಗ ಬೀಗ ಬಿದ್ದಿದ್ದ ಉಪಕೇಂದ್ರವನ್ನು ದಾಟಿದೆವು. ಅದು ಮತ್ತೆ ತೆರೆದಿದೆ, ಹೊಸ ನರ್ಸು ಬಂದಿದ್ದಾರೆ, ವಾರಕ್ಕೆ ಎರಡು ದಿನ ಇರುತ್ತಾರೆ ಅಂತ ಅಷ್ಟು ಮಾತ್ರ ಹೇಳಿದ.

ಬಸ್ಸು ತಿರುವಿನಲ್ಲಿ ಕಂಡಾಗ ಅವನು ನನ್ನ ಕಡೆ ತಿರುಗಿದ. ಮುಖದಲ್ಲಿ ಸಿಟ್ಟು ಇತ್ತು. ಅದನ್ನು ಒಳಗೇ ಹಿಡಿದುಕೊಂಡು, ಲ್ಯಾಬಿನ ಕೌಂಟರಿನ ಮುಂದೆ ನಿಂತವರು ವಿಚಾರಿಸುವಂಥ ತಗ್ಗಿದ ದನಿಯಲ್ಲಿ ಕೇಳಿದ.

"ಹದಿನೈದು ದಿನಕ್ಕೊಂದ್ ಸಲ ಟೆಸ್ಟು ಮಾಡಿಸ್ಲೇಬೇಕು ಅಂದವ್ರೆ ಅಕ್ಕ. ಮಂಗಳವಾರ ಬಸ್ಸಿಗೆ ಕೊಟ್ರೆ, ನೀವು ಇಳಿಸ್ಕೊತೀರಾ?"

ನನ್ನನ್ನು ಬೈಯಲು ಅವನಿಗೆ ಮನಸ್ಸಿರಲಿಲ್ಲ ಅಂತಲ್ಲ. ಬೈದರೆ ಮಂಗಳವಾರದ ರಕ್ತವನ್ನು ಎಲ್ಲಿಗೆ ಕಳಿಸಬೇಕು ಅಂತ ಅವನಿಗೆ ಗೊತ್ತಿರಲಿಲ್ಲ. ಇಳಿಸ್ಕೊತೀನಿ ಅಂದೆ.